ಎಳೆ ಹಲ್ಲಿನ ಗುರುತು

"ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ. ಲೈನ್ ಬಿಟ್ಟು ಹೋಗಬ್ಯಾಡ್ರಿ. ಗಾಜಿಗಿ ಮೂಗು ಒತ್ತಬ್ಯಾಡ್ರಿ," ಎಂದು ಶಾಂತಪ್ಪ ಮಾಸ್ತರರು ಮಕ್ಕಳನ್ನು ಮ್ಯೂಜಿಯಂ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು.

"ಉಸುರರೇ ಬಿಡಬೌದೇನ್ರಿ?" ಎಂದ ಭಾಗಣ್ಣ.

ಸಗರದ ಶಾಲೆಯಿಂದ ಬಂದಿದ್ದ ಮಕ್ಕಳೆಲ್ಲ ಕಿಸಕ್ಕೆಂದರು. ಮೌನಮ್ಮ ನಗಲಿಲ್ಲ. ಅವಳ ಒಂದು ಕೈ ಸೊಂಟಕ್ಕೆ ಸಿಗಿಸಿದ್ದ ಪುಟ್ಟ ಬಟ್ಟೆಯ ಚೀಲದ ಮೇಲೇ ಇತ್ತು. ಅದರಲ್ಲಿ ಬೀರದೇವರ ಗುಡಿಯ ಭಂಡಾರ, ಅಂದರೆ ಅರಿಷಿಣದ ಪುಡಿ ಇತ್ತು. ಅವಳು ಆಯಿ ಎಂದು ಕರೆಯುವ ಅಜ್ಜಿ ಕೊಟ್ಟು ಕಳಿಸಿದ್ದಳು.

ಹೋದ ವರ್ಷ ಹೈದರಾಬಾದಿನ ಈ ದೊಡ್ಡ ಮ್ಯೂಜಿಯಂ ನೋಡಿ ಬಂದಿದ್ದ ಅಂಬಣ್ಣ ಊರಲ್ಲಿ ಒಂದು ಮಾತು ಹೇಳಿದ್ದ. "ಅಲ್ಲಿ ಗಾಜಿನ ಪೆಟ್ಟಿಗ್ಯಾಗ ನಮ್ಮ ದೇವರ ಜಗಲಿ ಮ್ಯಾಲಿನಂಥ ಬೆಳ್ಳಿ ತಗಡು ಇಟ್ಟಾರ. ಸತ್ತೋರ ತಗಡು."

ಅದನ್ನು ಕೇಳಿದ ದಿನ ಮೌನಮ್ಮನ ಆಯಿ ಭೀಮಮ್ಮ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು.

ಮೌನಮ್ಮನ ಅವ್ವ ಬಾಣಂತಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಅವರ ಮಂದಿಯಲ್ಲಿ ಸತ್ತವರನ್ನು ಮನೆಯಿಂದ ಕಳಿಸಿಬಿಡುವುದಿಲ್ಲ. ಅಂಗೈಯಗಲದ ಬೆಳ್ಳಿ ತಗಡಿನ ಮೇಲೆ ಅಕ್ಕಸಾಲಿಗನಿಂದ ಅವರ ರೂಪ ಬಡಿಸಿ, ದೇವರ ಜಗಲಿಯಲ್ಲಿ ಕೂಡಿಸಿ, ಅಮಾವಾಸ್ಯೆಗೊಮ್ಮೆ ಎಡೆ ಹಿಡಿಯುತ್ತಾರೆ. ಅಕ್ಕಸಾಲಿಗ ಎಲ್ಲ ಹೆಂಗಸರಿಗೂ ಒಂದೇ ಮುಖ ಬಡಿಯುತ್ತಾನೆ. ಆದರೆ ಅವ್ವನ ತಗಡಿಗೆ ಬೇರೊಂದು ಗುರುತಿತ್ತು. ಕೂಸು ರಚ್ಚೆ ಹಿಡಿದು ಅತ್ತಾಗ ಆಯಿ ಅದನ್ನೇ ಕೈಗೆ ಕೊಡುತ್ತಿದ್ದಳು. "ತಗೋ, ನಿಮ್ಮವ್ವ." ಹಲ್ಲು ಬರುವ ಕೂಸು ಅದರ ಮೂಲೆಯನ್ನು ಕಡಿದು ಕಡಿದು ಗುಳಿ ಬೀಳಿಸಿತ್ತು.

ಆಮೇಲೆ ಗದ್ದಲದ ವರ್ಷ ಬಂತು. ಹೈದರಾಬಾದ್ ಸಂಸ್ಥಾನ ಇನ್ನೂ ಹಿಂದುಸ್ತಾನದಲ್ಲಿ ಕೂಡಿರಲಿಲ್ಲ. ಲೂಟಿ-ದಂಗೆಗೆ ಹೆದರಿ ಊರವರು ಉಟ್ಟ ಬಟ್ಟೆಯಲ್ಲಿ ಗಡಿಯಾಚೆಯ ಕ್ಯಾಂಪಿಗೆ ಓಡಿದರು. ತಿರುಗಿ ಬಂದಾಗ ಮನೆಯ ಬಾಗಿಲು ಮುರಿದಿತ್ತು. ಜಗಲಿ ಬರಿದಾಗಿತ್ತು.

ಅಂದಿನಿಂದ ಆಯಿ ಆ ಜಾಗದಲ್ಲಿ ಒಂದು ಅಡಿಕೆ ಇಡುತ್ತಿದ್ದಳು. "ಅಡಿಕಿಗಿ ಹಿಡದ ಎಡಿ ಆಕಿಗಿ ಮುಟ್ಟತದೋ ಇಲ್ಲೋ, ಆ ಬೀರದೇವರಿಗೇ ಗೊತ್ತು," ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಮೌನಮ್ಮ ಹೊರಡುವಾಗ ಆಯಿ ಅವಳ ಗದ್ದ ಹಿಡಿದು ಹೇಳಿದ್ದಳು: "ಹಲ್ಲಿನ ಗುರುತು ನೋಡು. ಆಕೀನೇ ಅಂತ ಖಾತ್ರಿ ಆದ್ರ ಕೇಳಿ ತಗೊಂಡು ಬಾ. ಕೊಡಲಿಲ್ಲಂದ್ರ ಭಂಡಾರರೇ ಹಚ್ಚಿ ಬಾ. ಇಷ್ಟು ವರ್ಷ ಹಸದು ಕುಂತಾಳ."

ಮ್ಯೂಜಿಯಂ ತೋರಿಸಲು ಬಂದವರು ಜಮಾಲಸಾಬ. ಬಡಕಲು ಮೈಯ ಮುದುಕರು. ಕರಿ ಶೇರವಾನಿಯ ತೋಳು ಸವೆದಿತ್ತು. ಸೈದಾಪುರದ ಕಡೆಯವರಾದ್ದರಿಂದ ಕನ್ನಡದಲ್ಲೇ ಮಾತಾಡಿಸಿದರು.

"ಉರ್ದು ಬರತದೇನ್ರಪ್ಪ ನಿಮಗ?"

"ಮೊದಲು ಉರ್ದುದಾಗ ಕಲಿಸಿದ್ರು, ಈಗ ಕನ್ನಡ ಮಾಡ್ಯಾರ್ರಿ," ಎಂದ ಭಾಗಣ್ಣ. "ನಾ ಎರಡರಾಗೂ ಫೇಲ್ ಆಗೀನಿ."

ಜಮಾಲಸಾಬರು ನಕ್ಕರು. ಆನೆದಂತದ ಕುರ್ಚಿ ತೋರಿಸಿದರು. ಹಾಲಿನಂಥ ಕಲ್ಲಿನಲ್ಲಿ ಕಡೆದ ಹೆಂಗಸನ್ನು ತೋರಿಸಿದರು. ಚಿತ್ರದಲ್ಲಿದ್ದ ರಾಜನ ಕುದುರೆ ನೋಡಿ ಭಾಗಣ್ಣ, "ಹೊಟ್ಟಿ ಬಂದದ ನೋಡ್ರಿ, ಸಾಹುಕಾರ್ರ ಮನೀ ಕುದುರಿ," ಎಂದ. ಗೋಡೆಯ ತುಂಬ ಕತ್ತಿಗಳಿದ್ದ ಕೋಣೆಯಲ್ಲಿ ಮೌನಮ್ಮ ತಲೆ ತಗ್ಗಿಸಿ ನಡೆದಳು.

ಅದರ ಮುಂದಿನ ಕೋಣೆಯಲ್ಲಿ ಆ ಪೆಟ್ಟಿಗೆ ಇತ್ತು.

ಬೆಳ್ಳಿ ತಗಡುಗಳು ಕೆಂಪು ಮಖಮಲ್ಲಿನ ಮೇಲೆ ಸಾಲಾಗಿ ಮಲಗಿದ್ದವು. ಕೆಲವುಗಳ ಕಣ್ಣಿನ ಸಂದಿಯಲ್ಲಿ ಹಳೆಯ ಅರಿಷಿಣ ಇನ್ನೂ ಉಳಿದಿತ್ತು. ಮೌನಮ್ಮ ಲೈನು ಬಿಟ್ಟು ಓಡಿದಳು. ಗಾಜಿಗೆ ಮೂಗು ಒತ್ತಿದಳು. ಮೂಲೆಯ ಒಂದು ತಗಡಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳಿದ್ದವು.

"ಇದು ನಮ್ಮವ್ವರಿ," ಎಂದಳು.

"ಯಾವುದು ಬೇಟಾ?"

"ಈ ಮೂಲ್ಯಾಗಿಂದು. ಅದನ್ನ ನಾ ಕಡದೀನ್ರಿ, ಸಣ್ಣಾಕಿದ್ದಾಗ."

"ಬೆಳ್ಳಿ ತಿಂದಾಳಂತ," ಎಂದು ಭಾಗಣ್ಣ ನಗಲು ಹೋದ. ಮಾಸ್ತರರ ಮುಖ ನೋಡಿ ಬಾಯಿ ಮುಚ್ಚಿದ.

ಜಮಾಲಸಾಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಹೌದು. ಹಲ್ಲಿನ ಗುರುತೇ ಇದು."

ಅವರು ಬದಿಗೆ ಸರಿದರು. ಅಲ್ಲಿಯ ತನಕ ಅವರ ನೆರಳು ಬಿದ್ದಿದ್ದ ಕಡೆ ಕಿಟಕಿಯ ಬೆಳಕು ಬಿತ್ತು.

ಪಕ್ಕದ ತಗಡಿನ ಅಂಚೂ ಗುಳಿಬಿದ್ದಿತ್ತು. ಅದರಾಚೆ ಇನ್ನೊಂದು. ಕೆಳಗಿನ ಸಾಲಿನಲ್ಲೂ ಇದ್ದವು. ಎಲ್ಲ ಹೆಂಗಸರಿಗೂ ಒಂದೇ ಮುಖ.

ಮೌನಮ್ಮ ಒಂದೊಂದಾಗಿ ಎಲ್ಲವನ್ನೂ ನೋಡಿದಳು. "ಇವನ್ನೆಲ್ಲ ಯಾರು ಕಡದಾರ್ರಿ?"

"ನಿನ್ನಂಥ ಕೂಸುಗೋಳೇ ಇರಬೇಕು ಬೇಟಾ."

"ಇವು ಇಲ್ಲಿಗಿ ಹ್ಯಾಂಗ ಬಂದ್ವು?"

"ಬೆಳ್ಳಿ-ಬಂಗಾರದ ಸರಾಫ್ ಬಜಾರಿನಾಗ ಕರಗಸಾಕ ಮೂಟಿ ಕಟ್ಟಿ ತಂದಿದ್ರಂತ. ಯಾರೋ ಪುಣ್ಯಾತ್ಮರು ಕಂಡು ಇಷ್ಟು ಉಳಿಸಿದ್ರು. ಅಷ್ಟೊತ್ತಿಗೆ ಎಷ್ಟೋ ಕರಗಿ ಹೋಗಿದ್ವು."

"ನಮ್ಮವ್ವನೂ ಕರಗಿದ್ರ?"

ಶಾಂತಪ್ಪ ಮಾಸ್ತರರು ಕಿಟಕಿಯ ಕಡೆ ನೋಡಿದರು.

"ಅವನ್ನ ಕದ್ದೋರು ಯಾರ್ರಿ?"

"ಯಾರಂತ ಹೇಳಲಿ. ಆ ವರ್ಷ ಬಾಳ ಬಾಗಲ ಮುರದಾವ. ಮೊದಲು ನಿಮ್ಮವು, ಆಮ್ಯಾಲ ಹಿಂದುಸ್ತಾನದ ಫೌಜು ಬಂದಾಗ ನಮ್ಮವು. ನನ್ನ ತಮ್ಮ ಹೊಲಕ್ಕ ಹೋದವ ಮನೀಗಿ ಬರಲೇ ಇಲ್ಲ." ಅವರು ಗಾಜಿನ ಮೇಲೆ ಬಿದ್ದಿದ್ದ ಅವಳ ಉಸಿರಿನ ಮಂಜನ್ನು ತೋಳಿನಿಂದ ಒರೆಸಿದರು. "ಇದರ ಕೀಲಿ ನನ್ನ ಕೈಯಾಗಿಲ್ಲ ಬೇಟಾ. ಇದ್ದಿದ್ರೂ, ಯಾವುದನ್ನ ತಗದು ಕೊಡಲಿ?"

ಮೌನಮ್ಮ ಸೊಂಟದ ಚೀಲ ಬಿಚ್ಚಿದಳು.

"ಮೌನಮ್ಮ, ಬ್ಯಾಡ," ಎಂದರು ಮಾಸ್ತರರು.

ಜಮಾಲಸಾಬರು ಬೆನ್ನು ತಿರುಗಿಸಿದರು. "ಬರ್ರಿ ಮಾಸ್ತರ್, ಆ ಕಡೆ ಗಡಿಯಾರ ಅದ. ಹುಡುಗರಿಗಿ ತೋರಸ್ತೀನಿ."

ಅವಳು ಬೆರಳು ಭಂಡಾರದಲ್ಲಿ ಅದ್ದಿ, ಮೂಲೆಯ ತಗಡಿನ ಎದುರಿಗೆ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಳು. ಬೆರಳು ಅಲ್ಲೇ ನಿಂತಿತು. ಆಮೇಲೆ ಪಕ್ಕದ್ದಕ್ಕೆ ಇಟ್ಟಳು. ಅದರ ಪಕ್ಕದ್ದಕ್ಕೂ ಇಟ್ಟಳು. ಕೊನೆಯ ತಗಡಿಗೆ ಬಂದಾಗ ಪುಡಿ ತೀರಿತ್ತು. ಚೀಲವನ್ನು ಒಳಹೊರಗು ಮಾಡಿ, ಹೊಲಿಗೆಗೆ ಅಂಟಿದ್ದನ್ನು ಕೆರೆದು ಅದಕ್ಕೂ ಹಚ್ಚಿದಳು.

ರೈಲಿನಲ್ಲಿ ಭಾಗಣ್ಣ ತನ್ನ ಪಾಲಿನ ಪೇರಲ ಹಣ್ಣನ್ನು ಸುಮ್ಮನೆ ಅವಳ ಪಕ್ಕ ಇಟ್ಟ.

ಊರಲ್ಲಿ ಆಯಿ ಹೊಸ್ತಿಲ ಮೇಲೇ ಕುಳಿತಿದ್ದಳು. "ಸಿಕ್ಕಳೇನ?"

"ಗೊತ್ತಾಗಲಿಲ್ಲ ಆಯಿ. ಹಲ್ಲಿನ ಗುರುತು ಬಾಳ ತಗಡಿಗಿ ಅದಾವ."

"ಬಾಳ ಅಂದ್ರ?"

"ಬಾಳ."

ಆಯಿ ಬಾಗಿಲ ಚೌಕಟ್ಟಿಗೆ ತಲೆ ಆನಿಸಿದಳು.

ಅಮಾವಾಸ್ಯೆ ಬಂತು. ಆಯಿ ಎಂದಿನಂತೆ ಅಡಿಕೆಯ ಮುಂದೆ ಒಂದು ರೊಟ್ಟಿ ಇಟ್ಟು ಕೈ ಮುಗಿದಳು. ಮೌನಮ್ಮ ಮುಂದೆ ಬಂದು ಆ ರೊಟ್ಟಿ ಎತ್ತಿಕೊಂಡಳು. ಅದನ್ನು ಮುರಿದಳು. ಮುರಿದದ್ದನ್ನು ಮತ್ತೆ ಮುರಿದಳು. ತುಣುಕುಗಳನ್ನು ಜಗಲಿಯ ಉದ್ದಕ್ಕೂ ಒಂದೊಂದಾಗಿ ಇಡುತ್ತ ಹೋದಳು. ಅರ್ಧ ಜಗಲಿ ಮುಟ್ಟುವುದರೊಳಗೆ ರೊಟ್ಟಿ ಮುಗಿಯಿತು. ಅವಳು ಬರಿಗೈಯಲ್ಲಿ ನಿಂತಳು.

ಆಯಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಆರಿದ ಒಲೆಯನ್ನು ಮತ್ತೆ ಹೊತ್ತಿಸಿದಳು.

"ಹಿಟ್ಟಿನ ಡಬ್ಬಿ ತಾ," ಎಂದಳು.