ಎಡಗಡೆ ಸೀಟಿನ ತೂಕ

"ಇದರಲ್ಲಿ ಕೂರೋರು ಯಾರು?"

ಕಾರಿನ ಸೀಟೊಂದನ್ನು ಎರಡೂ ತೋಳುಗಳಲ್ಲಿ ಅವುಚಿಕೊಂಡು ಕೋಸಾಕು ಸೀಟು ಹೊಲಿಯುವ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೇಳಿದವಳು ಹೊಲಿಗೆ ಯಂತ್ರದಿಂದ ತಲೆ ಎತ್ತಿರಲಿಲ್ಲ. ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು.

"ಯಾರೂ ಇಲ್ಲ," ಎಂದ.

"ಯಾರೂ ಕೂರದ ಸೀಟಿಗೆ ಹೊಸ ಬಟ್ಟೆ ಯಾಕೆ?"

"ಜೂನ್ ಕೊನೆಗೆ ಸರ್ಕಾರದ ತಪಾಸಣೆ ಇದೆಯಲ್ಲ. ಕಾಗದದಲ್ಲಿ ಎರಡು ಸೀಟಿನ ಕಾರು ಅಂತಿದೆ. ಎರಡೂ ಇರಲೇಬೇಕು. ಇದನ್ನ ಶೆಡ್ಡಲ್ಲಿಟ್ಟಿದ್ದೆ, ಬೆಕ್ಕು ಮರಿ ಹಾಕಿಬಿಟ್ಟಿದೆ."

"ತಪಾಸಣೆ ಆದ್ಮೇಲೆ?"

"ಮತ್ತೆ ಬಿಚ್ಚಿಡ್ತೀನಿ. ಹದಿಮೂರು ಕಿಲೋ ಭಾರ ನೋಡಿ."

ಆಗ ತಲೆ ಎತ್ತಿದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪುಟ್ಟ ಮೆತ್ತೆಗೆ ಚುಚ್ಚಿದಳು. ಅವನನ್ನು ನೋಡಿದಳು, ಸೀಟನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಅಂದ್ರೆ ನಾನು ತಿಂಗಳುಗಟ್ಟಲೆ ಹೊಲಿಯೋದು ಯಾರೋ ಅಧಿಕಾರಿ ಒಂದು ನಿಮಿಷ ನೋಡ್ಲಿ ಅಂತ. ಆಮೇಲೆ ಬೆಕ್ಕಿಗೆ."

ಒಳಗಿನಿಂದ ಅವಳ ತಂದೆ ಕೂಗಿದರು. "ಸುಜುನೊ, ಗಿರಾಕಿನ ಓಡಿಸ್ಬೇಡ."

"ಓಡಿಸ್ತಿಲ್ಲ ಅಪ್ಪ. ಬೆಕ್ಕಿಗೆ ಯಾವ ಬಣ್ಣ ಇಷ್ಟ ಅಂತ ಕೇಳ್ತಿದೀನಿ."

ಕೋಸಾಕುವಿನ ಕಿವಿ ಕೆಂಪಾಯಿತು. ಸೀಟನ್ನು ಇಳಿಸುವುದನ್ನೇ ಮರೆತು ನಿಂತಿದ್ದ. ಅಷ್ಟು ಹೊತ್ತು ಹದಿಮೂರು ಕಿಲೋ ಅವನಿಗೆ ಭಾರವೇ ಅನಿಸಲಿಲ್ಲ.

* * *

ಉಶಿಯಾಮಾ ಕೋಸಾಕುವಿಗೆ ಮೂವತ್ತಮೂರು ವರ್ಷ. ಜಪಾನಿನ ಸುವಾ ಸರೋವರದ ದಂಡೆಯ ಕಾರ್ಖಾನೆಯಲ್ಲಿ ಕ್ಯಾಮೆರಾ ಲೆನ್ಸು ಉಜ್ಜುವ ಕೆಲಸ. ಉಳಿದ ಹೊತ್ತೆಲ್ಲ ಎರಡಕ್ಕೆ ಮೀಸಲು. ಒಂದು, ಮೇಲ್ಛಾವಣಿ ಮಡಚಬಹುದಾದ ಪುಟ್ಟ ಕಾರು. ಇನ್ನೊಂದು, ಆ ಕಾರಿನ ಬಗ್ಗೆ ಅವನೇ ಬರೆದು ನಡೆಸುತ್ತಿದ್ದ ವೆಬ್‌ಸೈಟ್. ಇಂಟರ್‌ನೆಟ್ ಇನ್ನೂ ಫೋನಿನ ತಂತಿಯಲ್ಲಿ ಕೀರಲು ದನಿ ಮಾಡುತ್ತಾ ಬರುತ್ತಿದ್ದ ಕಾಲ ಅದು.

ಸೈಟಿನಲ್ಲಿ ಎಲ್ಲರಿಗೂ ಇಷ್ಟವಾಗುತ್ತಿದ್ದದ್ದು ತೂಕದ ಪಟ್ಟಿ. ಬಿಡಿ ಚಕ್ರ ತೆಗೆದದ್ದು, ಒಂಬತ್ತು ಕಿಲೋ. ರೇಡಿಯೋ ತೆಗೆದದ್ದು, ಒಂದೂವರೆ. ಎಡಗಡೆ ಸೀಟು, ಹದಿಮೂರು. ಕಾರು ಹಗುರಾದಷ್ಟೂ ಕಿರಿಗಮಿನೆ ಬೆಟ್ಟದ ದಾರಿಯನ್ನು ಬೇಗ ಹತ್ತುತ್ತಿತ್ತು. ಅವನ ದಾಖಲೆ ಇಪ್ಪತ್ತೆಂಟು ನಿಮಿಷ.

ಮುಖಪುಟದ ಕೆಳಗೊಂದು ಎಣಿಕೆಯ ಪೆಟ್ಟಿಗೆ. ಯಾರು ಪುಟ ತೆರೆದರೂ ಅದರಲ್ಲಿ ಒಂದು ಸಂಖ್ಯೆ ಏರುತ್ತಿತ್ತು. ಐದು ಸಾವಿರ, ಹತ್ತು ಸಾವಿರದಂಥ ದುಂಡು ಸಂಖ್ಯೆ ಯಾರ ಕಣ್ಣಿಗೆ ಬೀಳುತ್ತದೋ ಅವರು ಸೈಟಿಗೆ ಬಂದವರು ಬರೆದುಹೋಗುವ ಗೆಸ್ಟ್‌ಬುಕ್ಕಿನಲ್ಲಿ 'ನಾನೇ' ಎಂದು ಬರೆಯಬೇಕು, ಸೈಟಿನವರು ಬಹುಮಾನ ಕೊಡಬೇಕು. ಅಂಥ ಸೈಟುಗಳಲ್ಲೆಲ್ಲ ಅದೇ ರೂಢಿ. ದುಂಡು ಸಂಖ್ಯೆ ಮೆಟ್ಟಿಯೂ ಬರೆಯದೆ ಹೋದವರನ್ನು 'ಮೆಟ್ಟಿ ಓಡಿದವರು' ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಅಸಭ್ಯತನ ಅವರ ಲೋಕದಲ್ಲಿರಲಿಲ್ಲ.

ಹೊಸ ವರ್ಷದ ದಿನ ಉಮೇದಿನಲ್ಲಿ ಕೋಸಾಕು ಬರೆದುಬಿಟ್ಟಿದ್ದ: "ತಪಾಸಣೆಗಾಗಿ ಜೂನಿನಲ್ಲಿ ಎಡಗಡೆ ಸೀಟು ವಾಪಸು ಬರುತ್ತದೆ. ಅದರಲ್ಲಿ ಮೊದಲು ಕೂತು ಬೆಟ್ಟಕ್ಕೆ ಬರುವ ಅವಕಾಶ ಹತ್ತು ಸಾವಿರನೆಯವರಿಗೆ!"

ಮಾರ್ಚಿನಲ್ಲಿ ಸುಜುನೊ ತಲೆ ಎತ್ತಿ ಅವನನ್ನು ನೋಡುತ್ತಾಳೆ ಎಂದು ಜನವರಿಯಲ್ಲಿ ಅವನಿಗೇನು ಗೊತ್ತು?

* * *

ಹೊಲಿಗೆಯ ಫೋಟೋ ಸೈಟಿಗೆ ಬೇಕು ಎಂಬ ನೆಪ ಹೂಡಿ ವಾರಕ್ಕೊಮ್ಮೆ ಹೋಗತೊಡಗಿದ. ಆಮೇಲೆ ವಾರಕ್ಕೆರಡು ಸಲ.

"ಕೈ ಮಾತ್ರ ತೆಗೀರಿ," ಎನ್ನುತ್ತಿದ್ದಳು ಸುಜುನೊ. "ಮುಖ ಬಂದ್ರೆ ಕತ್ತರಿ ನನ್ ಕೈಯಲ್ಲೇ ಇದೆ."

ಕೈ ಮಾತ್ರ ತೆಗೆದ. ದಾರ ಎಳೆಯುವಾಗ ಕಿರುಬೆರಳು ಮೇಲೇಳುತ್ತಿತ್ತು. ಅದೊಂದರದ್ದೇ ಹನ್ನೊಂದು ಫೋಟೋ ಇದ್ದವು. ಸೈಟಿಗೆ ಹಾಕಿದ್ದು ಒಂದು.

ಅವನು ಕಪ್ಪು ಬಟ್ಟೆ ಕೇಳಿದ್ದ. ಅವಳು ಸುಟ್ಟ ಇಟ್ಟಿಗೆಯ ಬಣ್ಣದ್ದನ್ನು ತಂದು ಸೀಟಿನ ಮೇಲೆ ಹಾಸಿ ಸುಮ್ಮನೆ ಪಕ್ಕಕ್ಕೆ ಸರಿದು ನಿಂತಳು. ಅವನು ಬಾಯಿ ಮುಚ್ಚಿಕೊಂಡು ಒಪ್ಪಿದ.

ಊರಿನ ಸಮುದಾಯ ಭವನದಲ್ಲಿ ಬುಧವಾರ, ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಕ್ಲಾಸು. ಅವಳು ಸೇರಿಕೊಂಡಿದ್ದಳು. ಏಪ್ರಿಲಿನಲ್ಲೊಂದು ದಿನ ಅವನ ಸೈಟನ್ನು ನೋಡಿ ಬಂದವಳು ಸಾಸಿವೆ ಸೊಪ್ಪಿನ ಹೂರಣದ ಕಡುಬನ್ನು ಅವನ ಕೈಗಿಟ್ಟು, "ಮೊದಲು ಇದು ತಿನ್ನಿ. ಆಮೇಲೆ ಬೈತೀನಿ," ಎಂದಳು.

"ಯಾಕೆ?"

"ಕರೀ ಗೋಡೆ ಮೇಲೆ ಬಿಳೀ ಅಕ್ಷರ. ಮಿಣಮಿಣ ಅನ್ನೋ ನಕ್ಷತ್ರ ಬೇರೆ. ಕಣ್ಣುರಿ ಬಂತು. ಎಲ್ಲಿಂದ ಓದೋಕೆ ಶುರು ಮಾಡ್ಬೇಕು ಅಂತಾನೂ ಗೊತ್ತಾಗಲ್ಲ. ಸೀಟಲ್ಲಾದ್ರೆ ಕೂತ ತಕ್ಷಣ ಕೈ ಎಲ್ಲಿಗೆ ಹೋಗುತ್ತೋ ಅಲ್ಲಿ ನಾವು ಗಟ್ಟಿ ಹೊಲಿಗೆ ಹಾಕ್ತೀವಿ. ನಿಮ್ಮ ಪುಟದಲ್ಲಿ ಕೈ ಎಲ್ಲಿಗೆ ಹೋಗ್ಬೇಕು?"

ಎರಡು ವಾರ ಅವನು ಕಾರಿನ ಬಾನೆಟ್ ಎತ್ತಲಿಲ್ಲ. ಇಡೀ ಸೈಟನ್ನು ಬಿಚ್ಚಿ ಹೊಸದಾಗಿ ಕಟ್ಟಿದ. ನಕ್ಷತ್ರಗಳನ್ನೆಲ್ಲ ಕಿತ್ತು ಹಾಕಿದ. ಕೆನೆ ಬಣ್ಣದ ಪುಟ, ಇಟ್ಟಿಗೆ ಬಣ್ಣದ ಶೀರ್ಷಿಕೆ, ಒಳಪುಟಗಳಿಗೆ ಹೋಗಲು ಎಡಗಡೆ ನಾಲ್ಕೇ ಬಾಗಿಲು. ಮುಗಿದ ದಿನ ಖುಷಿಗೆ ಅಡುಗೆಮನೆಯಲ್ಲಿ ಒಬ್ಬನೇ ಕುಣಿದ.

ಗೆಸ್ಟ್‌ಬುಕ್ಕಿನಲ್ಲಿ ನಿಗಾತ ಪ್ರಾಂತ್ಯದ ಅಕ್ಕಿ ವ್ಯಾಪಾರಿ ಒಬ್ಬರಿದ್ದರು. ಅಲ್ಲಿ ಅವರ ಹೆಸರು 'ಎಡಗೈ ಸ್ಪ್ಯಾನರ್'. "ಏನ್ ಗುರುವೇ, ಸೈಟಿಗೆ ಮದುವೆ ಕಳೆ ಬಂದಿದೆ?" ಎಂದು ಬರೆದರು.

* * *

ಜೂನ್ ಬಂತು. ಬೆಟ್ಟದ ಮೇಲೆ ಕಿತ್ತಳೆ ಬಣ್ಣದ ಹೂಗಳು ಅರಳಿದವು. ಎಣಿಕೆ ಒಂಬತ್ತು ಸಾವಿರದ ಒಂಬೈನೂರ ಐವತ್ತು ದಾಟಿತು. ಕೋಸಾಕುವಿಗೆ ನಿದ್ದೆ ಹಾರಿತು.

ತನ್ನ ಪುಟವನ್ನು ತಾನೇ ನೋಡುವಂತಿರಲಿಲ್ಲ. ಎಷ್ಟಾಗಿದೆ ಎಂದು ನೋಡಹೋದರೆ ಆ ನೋಟವೇ ಒಂದು ಎಣಿಕೆ. ತನ್ನ ಸೈಟಿನ ಹತ್ತು ಸಾವಿರವನ್ನು ತಾನೇ ಮೆಟ್ಟಿದವನೆಂದು ನಗೆಪಾಟಲಾಗುವುದು ಬೇಡವಾಗಿತ್ತು. ಆದರೆ ನಿಜವಾದ ಸಂಕಟ ಬೇರೆಯೇ ಇತ್ತು. ಆ ಸೀಟಿನಲ್ಲಿ ಮೊದಲು ಕೂರಬೇಕಾದವಳು ಯಾರೆಂದು ಅವನ ಮನಸ್ಸು ಎಂದೋ ತೀರ್ಮಾನಿಸಿತ್ತು. ಆದರೆ ಮಾತು ಕೊಟ್ಟದ್ದು ಸೈಟಿಗೆ ಬರುವವರಿಗೆಲ್ಲ. ನಾಳೆ ಸ್ಪ್ಯಾನರ್ ಮಹಾಶಯರು ಗೆದ್ದು ರೈಲು ಹತ್ತಿ ಬಂದರೆ?

ಶನಿವಾರ ಮಧ್ಯಾಹ್ನ ಗೆಸ್ಟ್‌ಬುಕ್ ತೆರೆದ. ಅದನ್ನು ಬೇರೆಯಾಗಿ ತೆರೆದರೆ ಎಣಿಕೆ ಏರುತ್ತಿರಲಿಲ್ಲ.

"ಅಯ್ಯೋ, ನಂಗೆ 10,002 ಬಂತು! ಹತ್ತು ಸಾವಿರ ಯಾರಪ್ಪಾ?" ಎಂದು ಸ್ಪ್ಯಾನರ್ ಬರೆದಿದ್ದರು.

ಯಾರೂ 'ನಾನೇ' ಎನ್ನಲಿಲ್ಲ. ಸಂಜೆಯವರೆಗೂ ಇಲ್ಲ. "ಮೆಟ್ಟಿ ಓಡಿದಾರೆ!" "ಎಂಥ ಜನ!" ಎಂದು ಗೆಸ್ಟ್‌ಬುಕ್ ಕೊತಕೊತ ಕುದಿಯಿತು.

ಕೋಸಾಕುವಿಗೆ ಒಳಗೊಳಗೇ ಉಬ್ಬಿ ಬಂದ ಸಂತೋಷ ಅಷ್ಟಿಷ್ಟಲ್ಲ. ಸೀಟು ಖಾಲಿ! ಆದರೆ ಸೈಟಿನ ಯಜಮಾನ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ಮುಖಪುಟದಲ್ಲಿ ಕೆಂಪು ದಪ್ಪಕ್ಷರದಲ್ಲಿ ಹಾಕಿದ: "ಹತ್ತು ಸಾವಿರ ಮೆಟ್ಟಿ ಓಡಿಹೋದವರೇ, ಮರ್ಯಾದೆ ಗೊತ್ತಿಲ್ಲದವರು ಇನ್ನು ಈ ಕಡೆ ಬರಬೇಡಿ."

ಸ್ನೇಹಿತರೆಲ್ಲ ಶಹಬ್ಬಾಸ್ ಎಂದರು.

* * *

ಮರು ಶನಿವಾರ ಸೀಟು ತರಲು ಹೋದಾಗ ಅವನ ಎದೆ ಹೊಸ ಎಂಜಿನ್ನಿನಂತೆ ಓಡುತ್ತಿತ್ತು. ಇವತ್ತು ಕೇಳಿಯೇ ಬಿಡುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದ.

ಸುಜುನೊ ತಲೆ ಎತ್ತಲಿಲ್ಲ. ಗುಂಡುಸೂಜಿಯೂ ಬಾಯಲ್ಲಿರಲಿಲ್ಲ. ಮುಗಿದ ಸೀಟನ್ನು ಅವನತ್ತ ತಳ್ಳಿದಳು.

"ತುಂಬಾ ಚೆನ್ನಾಗಿ ಬಂದಿದೆ," ಎಂದ.

"ಅಧಿಕಾರಿಗಳಿಗೆ ಇಷ್ಟ ಆಗುತ್ತೆ, ಉಶಿಯಾಮಾ ಅವರೇ."

"ಅದು... ಸುಜುನೊ ಅವರೇ, ನಾನೊಂದು ಮಾತು..."

"ಅಪ್ಪಾ, ಕಟ್ಟಿಕೊಡಿ. ನಂಗೆ ಕೆಲಸ ಇದೆ." ಎದ್ದು ಒಳಗೆ ಹೋದಳು.

ತಂದೆ ಸೀಟಿಗೆ ಪ್ಲಾಸ್ಟಿಕ್ ಸುತ್ತಿದರು. ಬಟ್ಟೆ ಕತ್ತರಿಸಲು ಬಳಸಿದ್ದ ಕಾಗದದ ಅಚ್ಚುಗಳನ್ನು ಮಡಚಿ ಅದರೊಳಗೆ ತೂರಿಸಿದರು. "ಅಚ್ಚು ಗಿರಾಕಿದೇ. ನಮ್ಮ ಅಂಗಡಿ ಪದ್ಧತಿ," ಎಂದವರು ದನಿ ತಗ್ಗಿಸಿದರು. "ಏನಪ್ಪಾ, ಬುಧವಾರ ಕ್ಲಾಸಿಂದ ಬಂದಾಗಿನಿಂದ ಹೀಗೇ ಇದಾಳೆ. ನೀನೇನಾದ್ರೂ ಅಂದ್ಯಾ?"

"ನಾನಾ? ಏನೂ ಅಂದಿಲ್ಲ!"

ಮನೆಗೆ ಬಂದು ಪ್ಲಾಸ್ಟಿಕ್ ಬಿಚ್ಚಿದ. ಬೆನ್ನಿನ ಅಚ್ಚು, ಅಂಚಿನ ಅಚ್ಚು, ಕೊನೆಗೆ ತಲೆಯೊರಗಿನ ಪುಟ್ಟ ಅಚ್ಚು. ಅದರ ನಾಲ್ಕು ಮೂಲೆಗಳಲ್ಲಿ ಸೂಜಿ ಚುಚ್ಚಿದ ತೂತುಗಳು, ಗೋಡೆಗೆ ಸಿಕ್ಕಿಸಿದ್ದ ಕಾಗದದಂತೆ. ತಿರುಗಿಸಿ ನೋಡಿದ.

ಕೆನೆ ಬಣ್ಣದ ಪುಟ. ಇಟ್ಟಿಗೆ ಬಣ್ಣದ ಶೀರ್ಷಿಕೆ. ಕೆಳಗೆ ಪೆಟ್ಟಿಗೆಯಲ್ಲಿ 010000. ಅಂಚಿನಲ್ಲಿ ಸಣ್ಣಗೆ, ಶನಿವಾರ ಬೆಳಿಗ್ಗೆ ಹತ್ತು ನಲವತ್ತು.

ಕೋಸಾಕು ಗ್ಯಾರೇಜಿನ ನೆಲದ ಮೇಲೆ ಕೂತುಬಿಟ್ಟ. ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿಕೊಂಡಿದ್ದವಳು. ಬುಧವಾರ ಮತ್ತೆ ಪುಟ ತೆರೆದಿದ್ದಾಳೆ. ಕೆಂಪಕ್ಷರ ಓದಿದ್ದಾಳೆ. ಮರ್ಯಾದೆ ಗೊತ್ತಿಲ್ಲದವರು ಈ ಕಡೆ ಬರಬೇಡಿ. ಆಮೇಲೆ ಆ ಹಾಳೆಯನ್ನು ಗೋಡೆಯಿಂದ ಕಿತ್ತು, ಅದರ ಹಿಂಬದಿಯಲ್ಲೇ ಅಚ್ಚು ಬರೆದಿದ್ದಾಳೆ.

"ದಡ್ಡ," ಎಂದು ತನಗೇ ಹೇಳಿಕೊಂಡ. "ಶತದಡ್ಡ!"

ಮೇಲೆದ್ದು ಕಂಪ್ಯೂಟರಿಗೆ ಓಡಿದ. ಫೋನಿನ ತಂತಿ ಕೀರಿ ಮುಗಿಸುವಷ್ಟೂ ತಾಳ್ಮೆ ಇರಲಿಲ್ಲ. ಕೆಂಪಕ್ಷರ ಅಳಿಸಿದ. ಗೆಸ್ಟ್‌ಬುಕ್ಕಿನಲ್ಲಿ ಎಲ್ಲರ ಎದುರು ಬರೆದ: "ಹತ್ತು ಸಾವಿರನೆಯವರದು ತಪ್ಪಿಲ್ಲ. ಮರ್ಯಾದೆ ತಪ್ಪಿದ್ದು ನಾನು. ಬಹುಮಾನ ರದ್ದು. ಎಡಗಡೆ ಸೀಟನ್ನು ಹಂಚುವ ಹಕ್ಕು ನನಗಿರಲಿಲ್ಲ." ನಂತರ ಸೀಟನ್ನೆತ್ತಿಕೊಂಡು ಕಾರಿನತ್ತ ಹೊರಟ. ಬಿಗಿಯಬೇಕಾದದ್ದು ನಾಲ್ಕು ಬೋಲ್ಟು.

* * *

ಅಂಗಡಿಯ ಮುಂದೆ ಕಾರು ನಿಂತಾಗ ಬಿಸಿಲು ಇನ್ನೂ ಸರೋವರದ ಮೇಲಿತ್ತು. ಸುಜುನೊ ಬಾಗಿಲಿಗೆ ಬಂದಳು, ತೋಳು ಕಟ್ಟಿಕೊಂಡು.

"ಏನಾದ್ರೂ ಬಿಚ್ಕೊಂಡಿದೆಯಾ?"

ಅವನು ಆ ಕಾಗದವನ್ನು ಮುಂದೆ ಹಿಡಿದ. ಅವಳ ಮುಖ ಸೀಟಿನ ಬಟ್ಟೆಯ ಬಣ್ಣಕ್ಕೆ ತಿರುಗಿತು.

"ಅಪ್ಪಾ!" ಎಂದು ಒಳಗೆ ಕೂಗಿದಳು.

"ಪದ್ಧತಿ ಪದ್ಧತೀನೇ," ಎಂದಿತು ಒಳಗಿನ ದನಿ.

"ಕ್ಷಮಿಸಿ," ಎಂದ ಕೋಸಾಕು, ಸೊಂಟ ಮುರಿಯುವಷ್ಟು ಬಾಗಿ. "ಅದು ನೀವು ಅಂತ ಗೊತ್ತಿರ್ಲಿಲ್ಲ."

"ಬೇರೆ ಯಾರಾದ್ರೂ ಆಗಿದ್ರೆ ಹಾಗೆ ಬರೀಬಹುದಾಗಿತ್ತಾ?"

ಅವನು ಬಗ್ಗಿದಲ್ಲೇ ಯೋಚಿಸಿದ. "ಇಲ್ಲ. ಅದಕ್ಕೂ ಕ್ಷಮಿಸಿ. ಆದ್ರೆ... ನೀವ್ಯಾಕೆ ಬರೀಲಿಲ್ಲ? ರೂಢಿ ಗೊತ್ತಿರ್ಲಿಲ್ವಾ?"

"ಚೆನ್ನಾಗೇ ಗೊತ್ತಿತ್ತು. ನೀವೇ ಅಷ್ಟುದ್ದ ಬರೆದಿದ್ರಲ್ಲ. ನನ್ ಹೆಸರು ಟೈಪ್ ಮಾಡ್ದೆ. ಅಳಿಸ್ದೆ. ಮತ್ತೆ ಮಾಡ್ದೆ." ಅವಳು ಕಾರಿನತ್ತ ನೋಡುತ್ತಾ ಹೇಳಿದಳು. "ಆ ಸೀಟಿನ ಒಂದೊಂದು ಹೊಲಿಗೆ ಹಾಕಿದವಳು ನಾನು. ಅದರಲ್ಲಿ ಲಾಟರಿ ಹೊಡೆದು ಕೂರ್ಬೇಕಾ? ನಂಗೆ ಬಹುಮಾನ ಬೇಕಿರ್ಲಿಲ್ಲ. ಯಾರಾದ್ರೂ ಬಾಯಿಬಿಟ್ಟು ಕೇಳ್ಲಿ ಅಂತಿತ್ತು."

ದಾರಿಯಲ್ಲಿ ಜೋಡಿಸಿದ್ದ ಮಾತುಗಳನ್ನೆಲ್ಲ ಬಿಟ್ಟು ಕೋಸಾಕು ನೆಟ್ಟಗೆ ನಿಂತ.

"ನನ್ ಪಕ್ಕ ಕೂತ್ಕೋತೀರಾ?" ಎಂದ.

"ಎಲ್ಲೀವರೆಗೆ?"

"ಬೆಟ್ಟದ ತುದೀವರೆಗೆ. ಆಮೇಲೆ ನೀವು ಸಾಕು ಅನ್ನೋವರೆಗೆ."

"ತಪಾಸಣೆ ಆದ್ಮೇಲೆ ಬಿಚ್ಚಿಡ್ತೀರಲ್ಲ?"

"ಬಿಚ್ಚಕ್ಕಾಗಲ್ಲ. ಬೋಲ್ಟಿನ ಸುರುಳಿಗೆಲ್ಲ ಅಂಟು ಹಾಕಿ ಬಿಗಿದಿದೀನಿ. ಕೆಂಪು ಅಂಟು. ಅದು ಹಿಡೀತು ಅಂದ್ರೆ ಬೆಂಕಿ ತೋರಿಸಿದ್ರೂ ಸುಲಭಕ್ಕೆ ಬಿಡಲ್ಲ."

ಸುಜುನೊ ಅವನನ್ನೇ ನೋಡಿದಳು. ತುಟಿಯ ಒಂದು ತುದಿ ಮೊದಲು ಸೋತಿತು, ಆಮೇಲೆ ಇನ್ನೊಂದು.

"ಅಲ್ರೀ, ಗಂಡಸರು ಹೂವು ತರ್ತಾರೆ. ನೀವು ಬೋಲ್ಟಿಗೆ ಅಂಟು ಹಚ್ಕೊಂಡು ಬಂದಿದೀರಾ?"

"ಹೂವು ಬೆಟ್ಟದ ಮೇಲಿದೆ. ಕಿತ್ತಳೆ ಬಣ್ಣದ್ದು. ಕೀಳೋ ಹಾಗಿಲ್ಲ, ನೋಡ್ಬಹುದು."

"ಸುಜುನೊ," ಒಳಗಿನಿಂದ ದನಿ ಬಂತು, "ಸೀಟು ಸರಿಯಾಗಿ ಕೂತಿದೆಯಾ ಅಂತ ಕೂತು ನೋಡಮ್ಮ. ಅರ್ಧಕ್ಕೆ ಬಿಟ್ರೆ ಅದು ಕೆಲಸಾನಾ?"

ಅವಳು ಮಣಿಕಟ್ಟಿನ ಸೂಜಿಮೆತ್ತೆ ಬಿಚ್ಚಿ ಕಿಟಕಿಯಲ್ಲಿಟ್ಟಳು. ಕಾರಿನ ಎಡಬಾಗಿಲು ತೆರೆದಳು. ಕೂತಳು. ಕೈ ತಾನಾಗಿ ಅಂಚಿಗೆ ಹೋಯಿತು, ಗಟ್ಟಿ ಹೊಲಿಗೆ ಹಾಕಿದ್ದ ಜಾಗಕ್ಕೆ. ಗೇರ್ ಹಾಕಲು ಬಂದ ಅವನ ಕೈ ಅವಳ ಕೈಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಮೊದಲ ತಿರುವಿನಲ್ಲಿ ಎರಡು ಬೆರಳು. ಹೂಗಳು ಕಾಣುವಷ್ಟರಲ್ಲಿ ಅಳೆಯಲು ಏನೂ ಉಳಿದಿರಲಿಲ್ಲ.

"ಇನ್ನೊಂದು ವಿಷಯ," ಎಂದಳು ಗಾಳಿಗೆ ಕೂದಲು ಹಿಡಿದುಕೊಂಡು. "ಆ ಪಟ್ಟಿಯಲ್ಲಿ ನನ್ ತೂಕ ಬರೆದ್ರೆ ಅಲ್ಲೇ ಇಳಿದುಬಿಡ್ತೀನಿ!"

ಮರುದಿನ ಬೆಳಿಗ್ಗೆ ತೂಕದ ಪಟ್ಟಿಯ ಕೊನೆಗೆ ಎರಡು ಹೊಸ ಸಾಲುಗಳಿದ್ದವು. ಎಡಗಡೆ ಸೀಟು: ಹದಿಮೂರು ಕಿಲೋ ಹೆಚ್ಚಳ. ಕೂತವರು: ತೂಕ ನೋಡಿಲ್ಲ, ನೋಡುವುದೂ ಇಲ್ಲ.

ಗೆಸ್ಟ್‌ಬುಕ್ಕಿನಲ್ಲಿ ಎಡಗೈ ಸ್ಪ್ಯಾನರ್ ಆಗಲೇ ಕಾದಿದ್ದರು. "ಏನ್ ಗುರುವೇ, ಅಷ್ಟು ಭಾರ ಹೇರಿದೀಯಾ. ಕಾರು ನಿಧಾನ ಆಯ್ತಾ?"

"ಆಯ್ತು," ಎಂದು ಬರೆದ ಕೋಸಾಕು. "ಇಪ್ಪತ್ತೆಂಟು ನಿಮಿಷದ ದಾರಿಗೆ ಮೂರು ಗಂಟೆ ಹಿಡಿಯಿತು. ನನ್ನ ಹೊಸ ದಾಖಲೆ."