ನಿಂತ ಮದುವೆಯ ಕಾರ್ಡು, ಭಾನುವಾರದ ಬಣ್ಣ

"ನನ್ನ ಮದ್ವೆ ಕಾರ್ಡ್ ಕೊಡ್ರೀ!"

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಕೌಂಟರಿಗೆ ಅಂಗೈ ಬಡಿದು ಹೀಗೆ ಕೇಳಿದವಳು ಬಿಂದುಶ್ರೀ. ಊರಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಸೂಜಿ ಚುಚ್ಚುವಾಗಲೂ ಮೆತ್ತಗೆ ಮಾತಾಡುವವಳು, ಅವತ್ತು ಮಾತ್ರ ಕೆಂಡವಾಗಿದ್ದಳು.

ಹಾಳೆ ಕತ್ತರಿಸುತ್ತಿದ್ದವನು ತಲೆಯೆತ್ತಿದ.

"ಯಾವತ್ತು ಮೇಡಂ ಮದ್ವೆ?"

"ಹೋದ ವೈಶಾಖದಲ್ಲಿತ್ತು. ಆಗ್ಲಿಲ್ಲ. ನಿಂತೋಯ್ತು."

ಅವನ ಮುಖ ಸಣ್ಣದಾಯಿತು. ಬಿಂದುಶ್ರೀಗೆ ಮೈಯೆಲ್ಲ ಉರಿಯಿತು!

"ಪಾಪ ಅಂತ ಮುಖ ಮಾಡ್ಬೇಡಿ. ಊರವ್ರೆಲ್ಲ ಮಾಡಿ ಮುಗಿಸಿದ್ದಾರೆ. ಕಾರ್ಡ್ ಎಲ್ಲಿ?"

ಅವನು ಸ್ಟೂಲ್ ಹತ್ತಿ, ಯಾರೂ ಒಯ್ಯದೆ ಅಟ್ಟದಲ್ಲೇ ಉಳಿದಿದ್ದ, ದಿನಪತ್ರಿಕೆಯಲ್ಲಿ ಸುತ್ತಿದ್ದ ಒಂದೇ ಕಟ್ಟನ್ನು ಇಳಿಸಿದ. ಮೇಲೆ ದೂಳು, ಒಳಗೆ ಚಿನ್ನದ ಅಕ್ಷರ. ಕಾರ್ಡಿನ ನೆತ್ತಿಯಲ್ಲಿ ಗಣಪತಿ ಇದ್ದುದರಿಂದ ರದ್ದಿಗೆ ಹಾಕಲು ಅವನಿಗೆ ಮನಸ್ಸಾಗಿರಲಿಲ್ಲ.

"ಸುಡೋಕಾ?" ಮೆಲ್ಲಗೆ ಕೇಳಿದ.

"ಬಣ್ಣ ಹಚ್ಚೋಕೆ!"

ನಗುತ್ತಾನೆ ಅಂದುಕೊಂಡಳು. ನಗಲಿಲ್ಲ. ಒಂದು ಕಾರ್ಡನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ತಿಕ್ಕಿ ನೋಡಿ, "ಒಳ್ಳೇದೇ. ದಪ್ಪ ಹಾಳೆ, ನೀರು ಬಿದ್ರೂ ಆಚೆ ಬದಿಗೆ ಇಳಿಯಲ್ಲ," ಅಂದ.

*ಇವನ್ಯಾಕೆ ನಗ್ತಿಲ್ಲ?...* ಬಿಂದುಶ್ರೀ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

ಅವನ ಹೆಸರು ಭೂತೇಶ್. ಪ್ರೇಮಕಥೆಯ ನಾಯಕನಿಗೆ ಇದೆಂಥ ಹೆಸರು ಅಂತ ಮೂಗು ಮುರಿಯಬೇಡಿ, ಶಿರಾ ಕಡೆಯವರು. ಮನೆದೇವರ ಹೆಸರು ಇಟ್ಟಿದ್ದಾರೆ. ನೋಡಲು ಲಕ್ಷಣವಾಗಿಯೇ ಇದ್ದ.

ಇನ್ನು ಅವಳ ಮದುವೆಯ ಕಥೆ. ಕೊರಟಗೆರೆಯ ಗಂಡು, ಛತ್ರ ಗೊತ್ತಾಗಿತ್ತು, ಕಾರ್ಡೂ ಅಚ್ಚಾಗಿತ್ತು. ಅಷ್ಟರಲ್ಲಿ ಆ ಕಡೆಯವರಿಗೆ ಇನ್ನೊಂದು ಸಂಬಂಧ ಕುದುರಿತು. ಒಂದು ಫೋನು, ಅಷ್ಟೆ! ಅಪ್ಪ ಇಲ್ಲದ ಮನೆ. ಅಮ್ಮ ಇಂದ್ರಮ್ಮ ಬಾಗಿಲು ಹಾಕಿಕೊಂಡು ಅತ್ತರು. ಬಿಂದುಶ್ರೀ ಅಳಲಿಲ್ಲ. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಲ್ಯಾಬಿಗೆ ಹೋಗಿ ಬಂದು ಗೋಡೆ ನೋಡುತ್ತ ಕೂರುತ್ತಿದ್ದಳು.

ಒಂದು ದಿನ ಮನೆಯಲ್ಲಿದ್ದ ಸ್ಯಾಂಪಲ್ ಕಾರ್ಡು ಕೈಗೆ ಸಿಕ್ಕಿತು. ಯಾಕೋ, ಟೀ ಡಿಕಾಕ್ಷನ್ನಿನಲ್ಲಿ ಬೆರಳದ್ದಿ ಆ ಗಂಡಿನ ಹೆಸರಿನ ಮೇಲೆ ಎಳೆದಳು. ಕಂದು ಬಣ್ಣ ಹರಡಿತು. ಅದಕ್ಕೊಂದು ಚಿಟಿಕೆ ಅರಿಶಿನ... ಅದರ ಮೇಲೊಂದು ಹಳೆಯ ಸೀರೆಯ ಅಂಚಿನ ತುಂಡು... ನೋಡಿದರೆ ಮಧ್ಯಾಹ್ನ ಕಳೆದೇಹೋಗಿತ್ತು! ಅವತ್ತು ಅವಳಿಗೆ ಹಸಿವಾಯಿತು. ಎಷ್ಟೋ ದಿನಗಳ ಮೇಲೆ ನಿಜವಾದ ಹಸಿವು.

ಅಲ್ಲಿಂದ ದಿನಕ್ಕೊಂದು ಪುಟ. ಚಂದ ಬರಲಿ ಅಂತಲ್ಲ, ಯಾರಿಗೂ ತೋರಿಸಲೂ ಅಲ್ಲ. ಬಸ್ ಟಿಕೆಟ್ಟು, ಮಾತ್ರೆಯ ಹೊಳೆಯುವ ಹಾಳೆ, ಹುಣಸೆ ಎಲೆ, ಒಂದೆರಡು ಸಾಲು ಬರಹ. ಆ ದಿನ ಮನಸ್ಸಲ್ಲಿ ಏನಿತ್ತೋ ಅದು ಪುಟಕ್ಕೆ ಹೋಗುತ್ತಿತ್ತು. ಮನಸ್ಸು ಹಗುರವಾಗುತ್ತಿತ್ತು.

ಮನೆಯಲ್ಲಿದ್ದ ಹಾಳೆ ಮುಗಿದಾಗಲೇ ಅವಳು ಉಳಿದ ಕಾರ್ಡು ಕೇಳಿ ಪ್ರೆಸ್ಸಿಗೆ ಬಂದಿದ್ದು. ಅಲ್ಲಿ ಭೂತೇಶ್ ಅವಳಿಗೆ ಕಾರ್ಡುಗಳನ್ನು ಮಡಿಸಿ, ದಾರದಲ್ಲಿ ಹೊಲಿದು ಪುಸ್ತಕ ಕಟ್ಟುವುದನ್ನು ಕಲಿಸಿದ. "ಗಣಪತಿ ಇರೋ ಕಡೆ ರಟ್ಟಿನ ಒಳಕ್ಕೆ ಹೋಗ್ಲಿ. ದೇವರ ಮೇಲೆ ಬಣ್ಣ ಬೇಡ," ಅಂದವನೂ ಅವನೇ.

ಪುಸ್ತಕ ನೋಡಿ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಬಂದರು. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ, ಗಂಡ ತೀರಿಕೊಂಡ ಮೇಲೆ ಮಾತೇ ನಿಂತಿತ್ತು. "ನಂಗೇನು ಬರ್ತದವ್ವ, ಕೋಳಿ ಒಂದು ಬರ್ದೇನು," ಅಂತ ಶುರುಮಾಡಿ, ಪುಸ್ತಕದ ತುಂಬ ಕೋಳಿಯೇ ಬರೆದರು. ಶಿರಾದಿಂದ ಬಂದುಹೋಗುವ ಲ್ಯಾಬಿನ ಗೆಳತಿ ಸುಮೈರಾ ಚಮಕಿ ತಂದಳು. ಭಾನುವಾರ ಬಂತೆಂದರೆ ಬಿಂದುಶ್ರೀಯ ತಾರಸಿ ತುಂಬುತ್ತಿತ್ತು. ಅಲ್ಲಿ ಒಂದೇ ಕಟ್ಟಳೆ: ಯಾರ ಪುಟಕ್ಕೂ ಯಾರೂ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ.

ಹಾಳೆ ಬೇಕು, ದಾರ ಬೇಕು ಅಂತ ಬಿಂದುಶ್ರೀ ಪ್ರೆಸ್ಸಿಗೆ ಹೋಗುತ್ತಲೇ ಇದ್ದಳು. ಕೆಲವು ಸಲ ಮನೆಯಲ್ಲಿ ದಾರ ಬೇಕಾದಷ್ಟಿತ್ತು. ಆದರೂ ಹೋದಳು! ಭೂತೇಶ್ ಕೂಡ ಒಳ್ಳೆಯ ಹಾಳೆ ತುಂಡುಗಳನ್ನು ಯಾರಿಗೂ ಕೊಡದೆ ಎತ್ತಿಡುತ್ತಿದ್ದ. ಬಾಯಿಬಿಟ್ಟು ಮಾತ್ರ ಇಬ್ಬರೂ ಏನೂ ಹೇಳಲಿಲ್ಲ. ಎರಡೂ ಮೊಂಡು!

ಅಷ್ಟರಲ್ಲಿ ಇಂದ್ರಮ್ಮ ಮಗಳನ್ನು ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋದರು. ಪೂಜೆ ಅಂದಿದ್ದರು. ಹೋದರೆ ಅಲ್ಲಿ ಹೆಣ್ಣು ನೋಡಲು ಬಂದ ತಾವರೆಕೆರೆಯ ನವೀನ್ ಕುಮಾರ್, ಅವನ ತಾಯಿ ಹನುಮಕ್ಕ! ಮಂಡಿನೋವಿನಲ್ಲಿ ಬೆಟ್ಟ ಹತ್ತಿದ ಅಮ್ಮ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಬಿಂದುಶ್ರೀಗೆ ನಾಲಿಗೆ ಏಳಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ದೊಡ್ಡವರಿಗೆ ಅಷ್ಟು ಸಾಕಾಯಿತು.

ಆಮೇಲೆ ಮನೆಗೆ ಸುಣ್ಣಬಣ್ಣ ಅಂತ ಅಮ್ಮ ತಾರಸಿಗೆ ಬೀಗ ಹಾಕಿಸಿದರು. ಭಾನುವಾರಗಳು ನಿಂತವು. ನೆಪವಿಲ್ಲದೆ ಪ್ರೆಸ್ಸಿಗೆ ಹೋಗುವುದೂ ನಿಂತಿತು. ಬಿಂದುಶ್ರೀಗೆ ಮತ್ತೆ ನಿದ್ದೆ ಕೆಟ್ಟಿತು.

ತಡೆಯಲಾಗದೆ ಒಂದು ಶನಿವಾರ ಪ್ರೆಸ್ಸಿಗೆ ಓಡಿದಳು. ಭೂತೇಶ್ ಕಂಪ್ಯೂಟರಿನ ಮುಂದೆ ಕೂತಿದ್ದ. ಪರದೆಯ ಮೇಲೆ ದೊಡ್ಡ ಅಕ್ಷರ...

*ಚಿ.ಸೌ. ಬಿಂದುಶ್ರೀ.*

ಪಕ್ಕದಲ್ಲಿ *ಚಿ. ನವೀನ್ ಕುಮಾರ್.* ಸುತ್ತ ಮಲ್ಲಿಗೆಯ ಬಳ್ಳಿ!

"ಏನಿದು?" ಅವಳು ಪರದೆಗೆ ಬೆರಳು ತೋರಿಸಿದಳು.

ಭೂತೇಶ್ ಎದ್ದು ನಿಂತ. "ನಿಮ್ಮಮ್ಮ ಕಾರ್ಡಿನ ಮ್ಯಾಟ್ರು ಕೊಟ್ಟು ಹೋದ್ರು. ನಾಳೆ ದಿನ ಗೊತ್ತುಮಾಡಿ ಲಗ್ನ ಕಟ್ತಾರಂತೆ, ಈ ಸಲ ಯಾವ್ದಕ್ಕೂ ತಡ ಆಗ್ಬಾರ್ದು ಅಂದ್ರು. ಬಳ್ಳಿ ನಾನೇ ಕೈಯಲ್ಲಿ ಬರ್ದೆ. ಚೆನ್ನಾಗಿರ್ಲಿ ಅಂತ..."

"ಚೆನ್ನಾಗಿರ್ಲಿ ಅಂತ!"

"ನೀವು ಬರೋದು ಬಿಟ್ರಿ. ಒಪ್ಕೊಂಡಿದ್ದೀರ ಅಂದ್ಕೊಂಡೆ."

"ಅಂದ್ಕೊಂಡ್ರಾ? ಎಲ್ರೂ ಅಂದ್ಕೊಳ್ಳೋದೇ! ಮೊದಲ್ನೇ ಕಾರ್ಡಿಗೂ ಇಲ್ಲೇ ಮ್ಯಾಟ್ರು ಬಂತು, ಆಗ್ಲೂ ಯಾರೂ ನನ್ನ ಕೇಳ್ಲಿಲ್ಲ. ಹುಡುಗಿ ಹೆಸರು ಅಚ್ಚು ಹಾಕೋ ಮುಂಚೆ ಒಂದು ಫೋನ್ ಮಾಡಕ್ಕೆ ಏನ್ರೀ ಕಷ್ಟ?"

"ನಮ್ಮಲ್ಲಿ ಹೆಣ್ಣಿನ ಕಡೆ ದೊಡ್ಡವ್ರು ಬರ್ತಾರೆ... ಹುಡುಗೀನ ಕೇಳೋ ರೂಢಿ ಇಲ್ಲ," ಅವನು ತಡವರಿಸಿದ.

"ಬೇರೆಯವರಾಗಿದ್ರೆ ಬಿಡ್ತಿದ್ದೆ. ನೀವು ಕೇಳ್ತೀರ ಅಂದ್ಕೊಂಡಿದ್ದೆ ನಾನು. ನನ್ನದೂ ತಪ್ಪೇ!"

ಅವನ ಉತ್ತರಕ್ಕೆ ಕಾಯದೆ ಹೊರಟಳು. ದಾರಿಯುದ್ದಕ್ಕೂ ಕಣ್ಣೀರು ಇಳಿಯಿತು. ಕೊರಟಗೆರೆಯವನಿಗಾಗಿ ಬರದ ಕಣ್ಣೀರು ಇವನಿಗಾಗಿ ಯಾಕೆ ಬರುತ್ತಿದೆ ಅಂತ ಅವಳಿಗೇ ಆಶ್ಚರ್ಯವಾಯಿತು. ಆಶ್ಚರ್ಯವೇನು ಬಂತು, ನಮಗೆಲ್ಲ ಗೊತ್ತೇ ಇದೆಯಲ್ಲ!

ಭಾನುವಾರ. ನಡುಮನೆಯಲ್ಲಿ ಜಮಖಾನ, ಅದರ ಮೇಲೆ ನೆಂಟರು. ಬಿಂದುಶ್ರೀ ರೇಷ್ಮೆ ಸೀರೆಯುಟ್ಟು ತಲೆತಗ್ಗಿಸಿ ಕೂತಿದ್ದಳು. ಹನುಮಕ್ಕನ ಕಣ್ಣು ಬಾಗಿಲ ಮೂಲೆಯಲ್ಲಿದ್ದ ಗೋಣಿಚೀಲದ ಮೇಲಿತ್ತು.

"ಅವೇನಮ್ಮ ಪುಸ್ತಕ? ನಿಂತ ಮದ್ವೆ ಕಾರ್ಡಂತೆ?"

"ಇವತ್ತೇ ಜಯಮಂಗಲಿ ಹೊಳೆಗೆ ಬಿಡಿಸ್ತೀನಿ ಅಕ್ಕ, ಎಲ್ಲಾ ತುಂಬ್ಸಿಟ್ಟಿದ್ದೀನಿ," ಇಂದ್ರಮ್ಮ ಅವಸರದಿಂದ ಹೇಳಿದರು.

"ಬುಟ್ಬುಡಿ. ಅಂಥವನ್ನ ಮನೇಲಿಟ್ಕಂಡ್ರೆ ಏಳ್ಗೆ ಆಗಲ್ಲ. ಹುಡ್ಗೀನೂ ಈ ಗೀಚೋದೆಲ್ಲ ಇಲ್ಲಿಗೆ ನಿಲ್ಲಿಸ್ಬೇಕು ಕಣಮ್ಮ. ಬಣ್ಣ ಬಳ್ಕಂಡು ಕುಂತ್ರೆ ಮನೆ ನೋಡೋರ್ಯಾರು?"

ಬಿಂದುಶ್ರೀ ತಲೆಯೆತ್ತಿ ಗೋಣಿಚೀಲ ನೋಡಿದಳು. ತನ್ನದಷ್ಟೇ ಅಲ್ಲ... ಗಂಗಲಕ್ಷ್ಮಮ್ಮನ ಕೋಳಿಗಳು, ಸುಮೈರಾಳ ಚಮಕಿ, ತಾರಸಿಯಲ್ಲಿಟ್ಟಿದ್ದ ಎಲ್ಲರ ಪುಸ್ತಕಗಳೂ ಅದರಲ್ಲಿದ್ದವು!

ಅದೇ ಹೊತ್ತಿಗೆ ಬಾಗಿಲಲ್ಲಿ ಗಂಗಲಕ್ಷ್ಮಮ್ಮ ಕಾಣಿಸಿದರು, ಹಿಂದೆ ಸುಮೈರಾ.

"ಬೀಗ ತಗಿಯವ್ವ ಬಿಂದು. ಎಷ್ಟು ವಾರ ಅಂತ ಸುಮ್ನಿರಾದು? ಕೈ ಕಡೀತಾವೆ," ಅಂದವರು ನೆಂಟರನ್ನು ನೋಡಿ ನಿಂತರು. "ಅಯ್ಯೋ, ನೆಂಟ್ರು ಬಂದವ್ರೆ..."

"ಪುಸ್ತಕ ಹೊಳೆಗೆ ಹೋಗ್ತಿವೆ ಗಂಗಕ್ಕ," ಬಿಂದುಶ್ರೀ ಹೇಳಿದಳು.

"ಹೊಳೆಗಾ? ನನ್ನ ಕೋಳಿ ಅದ್ರಾಗವೆ ಕಣಮ್ಮ! ಜೀವ ಹೋದ್ರೂ ಬುಡಾಕಿಲ್ಲ!"

"ಅರೆ! ನನ್ನ ಪುಸ್ತಕ ನನ್ನ ಕೇಳ್ದೆ ಹೆಂಗೆ ಹೊಳೆಗೆ ಹಾಕ್ತೀರ?" ಸುಮೈರಾ ಸೊಂಟಕ್ಕೆ ಕೈಯಿಟ್ಟಳು.

ಬಿಂದುಶ್ರೀ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನವೀನನ ಮುಂದೆ ಹೋಗಿ ನಿಂತಳು.

"ನವೀನ್ ಅವ್ರೇ, ನಾನು ನಿಮಗೆ ಇಷ್ಟಾನಾ ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ಅವನು ತಾಯಿಯ ಮುಖ ನೋಡಿದ. "ಇಲ್ಲ... ಅಮ್ಮ ಹೇಳಿದ್ರು, ಬಂದೆ."

"ನನ್ನನ್ನೂ ಕೇಳ್ಲಿಲ್ಲ. ಬೆಟ್ಟದ ಮೇಲೆ ನಾನು ಬಾಯಿ ಬಿಡ್ಬೇಕಿತ್ತು, ಬಿಡ್ಲಿಲ್ಲ, ಕ್ಷಮಿಸಿ. ಈಗ ಹೇಳ್ತೀನಿ. ಈ ಮದ್ವೆ ನನಗೆ ಬೇಡ. ಬಣ್ಣಾನೂ ಬಿಡಲ್ಲ, ಪುಸ್ತಕಾನೂ ಬಿಡಲ್ಲ!"

"ಬಿಂದೂ!" ಇಂದ್ರಮ್ಮ ಕೂಗಿದರು.

"ಇಂಥ ಬಾಯಿಗೇ ಮೊದಲ್ನೇದು ನಿಂತಿರೋದು! ಏಳ್ಲಾ ನವೀನ," ಹನುಮಕ್ಕ ಸೆರಗು ಕೊಡವಿಕೊಂಡು ಹೊರಟರು.

ನವೀನ್ ಮಾತ್ರ ಬಾಗಿಲಲ್ಲಿ ಒಂದು ಕ್ಷಣ ನಿಂತು, "ಥ್ಯಾಂಕ್ಸ್ ಕಣ್ರೀ," ಅಂತ ಮೆಲ್ಲಗೆ ಹೇಳಿ ಚಪ್ಪಲಿ ಮೆಟ್ಟಿದ.

ಬಿಂದುಶ್ರೀ ಗೋಣಿಚೀಲವನ್ನು ಹೆಗಲಿಗೇರಿಸಿದಳು. ರೇಷ್ಮೆ ಸೀರೆಗೆ ಗೋಣಿಯ ದೂಳು ಮೆತ್ತಿತು. ಮೆತ್ತಲಿ ಬಿಡಿ!

"ಎಲ್ಲಾ ಹಾಳಾಯ್ತು... ನಂಗೆ ಭಯ ಕಣೆ ಮಗಳೇ," ಇಂದ್ರಮ್ಮ ಕುಸಿದು ಕೂತು ಅತ್ತರು. "ನಾಳೆ ನಾನಿಲ್ದಿದ್ರೆ ನಿನಗ್ಯಾರಿದಾರೆ?"

ಬಿಂದುಶ್ರೀ ಚೀಲ ಇಳಿಸಿ ಅಮ್ಮನ ಪಕ್ಕ ಕೂತಳು.

"ಅಮ್ಮ, ಮದ್ವೆ ನಿಂತಾಗ ನಾನು ಹೆಂಗಿದ್ದೆ, ನೀನೇ ನೋಡಿದ್ದೀಯ. ತುತ್ತು ಬಾಯಿಗಿಟ್ರೂ ನುಂಗ್ತಿರ್ಲಿಲ್ಲ. ನನ್ನನ್ನ ಎಬ್ಬಿಸಿ ಕೂರಿಸಿದ್ದು ಇದೇ ಗೀಚಾಟ. ಇದನ್ನ ಬಿಟ್ಟು ಬಾ ಅನ್ನೋ ಮನೆಗೆ ನನ್ನ ಕಳಿಸ್ಬೇಡಮ್ಮ. ಬದುಕಿರಲ್ಲ ನಾನು ಅಲ್ಲಿ."

ಇಂದ್ರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು. ಸೊಂಟದಿಂದ ತಾರಸಿಯ ಬೀಗದ ಕೈ ತೆಗೆದು ಮಗಳ ಅಂಗೈಯಲ್ಲಿಟ್ಟರು. "ಹೋಗು. ಗಂಗಮ್ಮ ಕಾಯ್ತಾವ್ಳೆ," ಅಂದರು.

ತಾರಸಿಯಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತ ಸ್ವಲ್ಪ ಹೊತ್ತಿಗೆ ಕೆಳಗೆ ಗಂಡಸಿನ ಧ್ವನಿ ಕೇಳಿತು.

"ಅಮ್ಮ, ಕಾರ್ಡ್ ಅಚ್ಚು ಹಾಕ್ಲಿಲ್ಲ. ಹುಡುಗಿ ಬಾಯಿಂದ ಕೇಳ್ದೆ ಇನ್ಮೇಲೆ ಯಾರ ಮದ್ವೆ ಕಾರ್ಡೂ ಹಾಕಲ್ಲ ಅಂತ ಹೇಳೋಕೆ ಬಂದೆ. ಬೈಯೋದಾದ್ರೆ ಬೈದುಬಿಡಿ."

"ಇನ್ನೇನು ಬೈಯೋದಪ್ಪ... ಯಾವ ಮದ್ವೇನೂ ಇಲ್ಲ. ಎಲ್ಲಾ ಮುಗೀತು."

"ಹಾಗಾದ್ರೆ... ಬಿಂದು ಅವ್ರ ಹತ್ರ ಒಂದ್ಮಾತು ಆಡ್ಬಹುದಾ?"

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಗಂಗಲಕ್ಷ್ಮಮ್ಮ ಕೋಳಿಗೆ ಜುಟ್ಟು ಬರೆಯುತ್ತ, "ಬಂದ ಕಣವ್ವ ದಾರ ಕೊಡಾನು," ಅಂದರು. ಸುಮೈರಾ ಕಿಸಕ್ಕನೆ ನಕ್ಕಳು. ಬಿಂದುಶ್ರೀಯ ಕೆನ್ನೆ ಕೆಂಪಾಯಿತು, ಆದರೂ ಮುಖ ತಿರುಗಿಸಿಕೊಂಡಳು.

ಭೂತೇಶ್ ಬಂದು, ಸ್ವಲ್ಪ ದೂರದಲ್ಲೇ ನಿಂತ.

"ನೀವು ಹೇಳಿದ್ದು ಸರಿ. ನಾನೂ ಎಲ್ಲರ ಹಾಗೇ ಅಂದ್ಕೊಂಡುಬಿಟ್ಟೆ. ಆ ಬಳ್ಳೀನ ಮೂರು ಸಲ ಅಳಿಸಿ ಬರ್ದೆ ಬಿಂದು. ಆದ್ರೂ ಕೇಳೋ ಧೈರ್ಯ ಬರ್ಲಿಲ್ಲ. ನೀವು ಹೌದು ಅಂದುಬಿಟ್ರೆ ಅಂತ..."

"ಅದಕ್ಕೆ ಕೇಳ್ದೇನೇ ನನ್ನ ಮದ್ವೆ ಮಾಡ್ಸೋಕೆ ಹೊರಟ್ರಾ?" ಅವಳ ಕಣ್ಣು ತುಂಬಿತು. "ಎಷ್ಟು ನೋವಾಯ್ತು ಗೊತ್ತಾ?"

"ಗೊತ್ತು. ತಪ್ಪಾಯ್ತು." ಅವನು ಎರಡು ಹೆಜ್ಜೆ ಮುಂದೆ ಬಂದ. "ನಿಮ್ಮಮ್ಮನ್ನ ಕೇಳೋ ಮುಂಚೆ, ನಮ್ಮಪ್ಪಂಗೆ ಹೇಳೋ ಮುಂಚೆ, ನಿಮ್ಮನ್ನ ಕೇಳ್ತಿದ್ದೀನಿ. ನನಗೆ ನೀವಂದ್ರೆ ಪ್ರಾಣ. ನನ್ನ ಮದ್ವೆ ಆಗ್ತೀರಾ?"

"ಆಗಲ್ಲ ಅಂದ್ರೆ?"

ಅವನು ಮೆಟ್ಟಿಲ ಕಡೆ ನೋಡಿದ. "ಮೆಟ್ಟಿಲಿಳಿದು ಹೋಗ್ತೀನಿ. ಪ್ರೆಸ್ಸಿಗೆ ಯಾವಾಗ ಬಂದ್ರೂ ಹಾಳೆ ಮಾತ್ರ ಕೊಡ್ತೀನಿ."

ತಾರಸಿಯ ಮೇಲೆ ಬ್ರಷ್ಷುಗಳೆಲ್ಲ ನಿಂತಿದ್ದವು. ಮೆಟ್ಟಿಲ ತಿರುವಿನಲ್ಲಿ ಇಂದ್ರಮ್ಮ ಕೂಡ ಬಂದು ನಿಂತಿದ್ದರು. ಅವರಿಗೆ ತಡೆಯಲಾಗಲಿಲ್ಲ.

"ನಿಮ್ಮ ಮನೆದೇವ್ರು ಯಾವ್ದಪ್ಪ?"

"ಅಮ್ಮಾ!" ಬಿಂದುಶ್ರೀ ಗದರಿದಳು. "ಮೊದ್ಲು ನನ್ನ ಉತ್ತರ. ನಿನ್ನ ಪ್ರಶ್ನೆ ಆಮೇಲೆ!"

ಇಂದ್ರಮ್ಮ ಒಂದು ಮೆಟ್ಟಿಲು ಕೆಳಗಿಳಿದರು. ಬಿಂದುಶ್ರೀ ಭೂತೇಶನ ಕಣ್ಣಲ್ಲಿ ಕಣ್ಣಿಟ್ಟಳು.

"ಭಾನುವಾರ ನಾನು ಅಡುಗೆ ಮಾಡಲ್ಲ."

"ನಾನು ಮಾಡ್ತೀನಿ."

"ಏನ್ ಬರುತ್ತೆ?"

"ಮುದ್ದೆ ತಿರುವ್ತೀನಿ. ಸ್ವಲ್ಪ ಗಂಟಾಗುತ್ತೆ."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಬಣ್ಣ ಮೆತ್ತಿದ ಕೈಯಲ್ಲೇ ಅವನ ಕೈ ಹಿಡಿದಳು.

"ಗಂಟಾದ್ರೂ ತಿಂತೀನಿ. ಹೂಂ... ಆಗ್ತೀನಿ."

"ಇನ್ನೊಂದ್ಸಲ ಹೇಳಿ."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು ಬಿಂದು. ನೀವೇ ಹೇಳೋದನ್ನ ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು."