ನಾಲ್ಕನೇ ಸಲ ಅವನು ಹೊರಗೆ ನಿಂತ

“ಇದನ್ನ ಕಚ್ಚಿ ಹಿಡ್ಕೊಳ್ಳಿ. ಹೆದರ್ಬೇಡಿ... ನಾನಿಲ್ಲೇ ಇದೀನಿ.”

ಅವಳು ಅವನನ್ನು ಮೊದಲು ನೋಡಿದ್ದು ಹಾಗೆ. ಎಡಮಗ್ಗುಲಾಗಿ ಮಲಗಿ, ಕಣ್ಣಲ್ಲಿ ನೀರು ತುಂಬಿಕೊಂಡು!

ಅವನು ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಕೋಣೆಯ ಟೆಕ್ನಿಷಿಯನ್. ಅವಳು ಬಟ್ಟೆ ಹೊಲಿಯುವವಳು. ಎರಡು ವರ್ಷದಿಂದ ಮುಖ ಬಿಳಚಿಕೊಂಡಿತ್ತು. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿರಲಿಲ್ಲ.

ಕಾರಣ ಪರದೆಯ ಮೇಲೆ ಕಂಡಿತು. ಜಠರದ ಕೊನೆಯಲ್ಲಿ ಉಬ್ಬಿದ ರಕ್ತನಾಳಗಳು ಕೆಂಪು ಪಟ್ಟೆಗಳಂತೆ ನಿಂತು, ಹನಿಹನಿಯಾಗಿ ಸೋರುತ್ತಿದ್ದವು. ತಿಂಗಳಿಗೊಮ್ಮೆ ಬಂದು ಅವನ್ನು ಸುಡಿಸಿಕೊಳ್ಳಬೇಕೆಂದರು ಡಾಕ್ಟರು.

ಮೊದಲ ಮೂರು ಸಲವೂ ಅವಳ ತಲೆ ಹಿಡಿದವನು ಅವನೇ.

“ನನ್ನ ಮುಖಕ್ಕಿಂತ ಹೊಟ್ಟೆನೇ ಜಾಸ್ತಿ ನೋಡಿದೀರಿ!” ಎಂದಿದ್ದಳು ಒಮ್ಮೆ.

“ಮುಖ ನೋಡೋಕೆ ಧೈರ್ಯ ಬೇಕಲ್ಲ...”

ಆಮೇಲೆ ಅವನು ಗುಂಡಿ ಕಿತ್ತುಹೋದ ಅಂಗಿ ಹಿಡಿದು ಅವಳ ಅಂಗಡಿಗೆ ಬಂದ. ದಾರ ಕತ್ತರಿಯಿಂದ ಕತ್ತರಿಸಿದ್ದೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಸುಮ್ಮನೆ ಹೊಲಿದುಕೊಟ್ಟಳು. ವಾರಕ್ಕೊಂದು ಅಂಗಿ ಬಂತು!

ಆದರೆ ನಾಲ್ಕನೇ ಸಲ ಅವಳು ಮಲಗುತ್ತಿದ್ದಂತೆ ಅವನು ಕೈಗವಸು ಕಳಚಿಟ್ಟು ಹೊರಟುಹೋದ. ಬೇರೆ ಯಾರೋ ಬಂದು ತಲೆ ಹಿಡಿದರು.

‘ಅಸಹ್ಯವಾಯಿತೇನೋ... ಒಳಗೆಲ್ಲ ನೋಡಿದ ಮೇಲೆ ಯಾರು ತಾನೇ ನಿಲ್ಲುತ್ತಾರೆ?’

ಚಿಕಿತ್ಸೆ ಮುಗಿಸಿ ಹೊರಗೆ ಬಂದಾಗ ಅವನು ಬೆಂಚಿನ ಬಳಿ ನಿಂತಿದ್ದ. ಅವಳು ಮುಖ ತಿರುಗಿಸಿದಳು. ಜೊತೆಗೆ ಬಂದಿದ್ದ ಸೋದರತ್ತೆ ಬಿಡುವವಳೇ?

“ಏನಪ್ಪಾ, ನಮ್ಮ ಹುಡುಗಿ ಹೊಟ್ಟೆ ನೋಡಿ ಓಡಿಹೋದ್ಯಾ?”

“ಇಲ್ಲಮ್ಮ. ನಮ್ಮ ಕೋಣೇಲಿ ಒಂದು ಕಟ್ಟಳೆ ಇದೆ. ನಮ್ಮವರು ಮಲಗಿದ್ರೆ ನಾವು ಒಳಗಿರಬಾರ್ದು. ಕೈ ನಡುಗುತ್ತೆ.”

“ನಿಮ್ಮವರಾ?” ಎಂದಳು ಅವಳು ತಿರುಗಿ.

“ರಿಜಿಸ್ಟರಲ್ಲಿ ಹಾಗೇ ಬರೆದೆ. ಏನು ಸಂಬಂಧ ಅನ್ನೋ ಜಾಗ ಮಾತ್ರ... ಖಾಲಿ ಬಿಟ್ಟಿದೀನಿ. ನಿಮ್ಮನ್ನ ಕೇಳದೆ ಬರೆಯೋದು ಹೇಗೆ?”

ಅತ್ತೆ ಇದ್ದಕ್ಕಿದ್ದಂತೆ ನೀರು ತರಲು ಎದ್ದುಹೋದಳು. ಕೈಯಲ್ಲಿದ್ದ ಬಾಟಲಿ ತುಂಬಿಯೇ ಇತ್ತು.

“ಇದು ಪೂರ್ತಿ ವಾಸಿ ಆಗಲ್ವಂತೆ,” ಎಂದಳು ಅವಳು ಮೆಲ್ಲಗೆ. “ಸುಟ್ಟಷ್ಟೂ ಮತ್ತೆ ಬರುತ್ತಂತೆ. ಯಾವತ್ತೋ ಒಂದು ದಿನ...”

“ಗೊತ್ತು. ನಾನೇ ನೋಡಿದೀನಲ್ಲ.”

ದೇವರು ಅವಳ ಹಣೆಯಲ್ಲಿ ಆರೋಗ್ಯ ಬರೆದಿರಲಿಲ್ಲ. ಇವನನ್ನು ಬರೆದಿದ್ದ. ಅವಳು ಬಹಳ ಹೊತ್ತು ಅತ್ತಳು.

“ಹೋಗಿ, ಆ ಜಾಗ ತುಂಬಿಸಿ ಬನ್ನಿ... ಆದ್ರೆ ಇನ್ಮೇಲೆ ನನ್ನ ತಲೆ ಯಾರು ಹಿಡೀತಾರೆ?”

“ಒಳಗೆ ಬೇರೆಯವರು.” ಅವನು ಪಕ್ಕದಲ್ಲಿ ಕುಳಿತು ಹೆಗಲು ಕೊಟ್ಟ. “ಹೊರಗೆ ಬಂದ ಮೇಲೆ ನಾನು.”